ಸ್ಪ್ಯಾನಿಶ್ ಪದ್ಯಕ್ಕೆ ಕಲ್ಲೇಶನ ಅಂಕಿತ

ಹೊಸದಾಗಿ ಅಂಗನವಾಡಿ ಮೇಲ್ವಿಚಾರಕಿಯರಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ನಾನು ಹೇಳಲು ಕೂತರೆ ಅವರ ಬಸ್ಸು ತಪ್ಪುತ್ತದೆ. ಆದ್ದರಿಂದ ಬರೆದೇ ಬಿಡೋಣ ಅನ್ನಿಸಿತು. ಯಾವ ವರ್ಷ ಬಡ್ತಿ ಸಿಕ್ಕಿತು, ಯಾವ ಜಿಲ್ಲೆಗೆ ಎತ್ತಿಹಾಕಿದರು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿ ಭದ್ರವಾಗಿದೆ, ಅದರಲ್ಲಿ ಓದಿ ಸಂತೋಷಪಡುವಂಥದ್ದು ಏನೂ ಇಲ್ಲ. ಹೇಳುವಂಥದ್ದು ಇರುವುದು ಮೊದಲ ಕೆಲವು ವರ್ಷಗಳಲ್ಲಿ, ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ.

ಐವತ್ತರ ದಶಕದ ಕೊನೆ. ನನ್ನ ಹುದ್ದೆಯ ಹೆಸರು ಮುಖ್ಯ ಸೇವಿಕೆ. ಹೆಸರಿನಲ್ಲಿ ಮುಖ್ಯವೂ ಇತ್ತು, ಸೇವೆಯೂ ಇತ್ತು, ಓಡಾಡಲು ಮಾತ್ರ ಏನೂ ಇರಲಿಲ್ಲ. ಬ್ಲಾಕ್ ಕಚೇರಿಗೆ ಇದ್ದದ್ದು ಒಂದೇ ಜೀಪು, ಅದು ಸಾಹೇಬರಿಗೆ. ನಾನು ಬಸ್ಸು ಹೋಗುವಲ್ಲಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದಾಚೆ ಸಿಕ್ಕಿದ ಗಾಡಿಯಲ್ಲಿ, ಗಾಡಿ ಸಿಗದಿದ್ದರೆ ಕಾಲ್ನಡಿಗೆಯಲ್ಲಿ. ಹಳ್ಳಿಗಳಲ್ಲಿ ಮಹಿಳಾ ಸಮಾಜ ಕಟ್ಟುವುದು, ಹೆಂಗಸರಿಗೆ ಅಕ್ಷರ ಕಲಿಸುವುದು, ಹೊಲಿಗೆ ಹೇಳಿಕೊಡುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು ನನ್ನ ಕೆಲಸ.

ಒಲೆಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ಮಣ್ಣು ಕಲಸಿ, ಕೊಳವೆ ಕೂರಿಸಿ, ಮೈಕೈಯೆಲ್ಲ ಕೆಸರು ಮಾಡಿಕೊಂಡು ನಾನೇ ಒಲೆ ಹಾಕಿಕೊಟ್ಟು ಬಂದೆ. ವರದಿಯಲ್ಲೂ ಬರೆದೆ. ಮುಂದಿನ ಸಲ ಹೋದಾಗ ಅಡಿಗೆ ಹಳೆಯ ಒಲೆಯ ಮೇಲೇ ಕುದಿಯುತ್ತಿತ್ತು. ಹೊಸ ಒಲೆ ಹೇಗಿದೆ ಎಂದು ಕೇಳಿದ್ದಕ್ಕೆ ಮನೆಯಾಕೆ ಬಹಳ ವಿಶ್ವಾಸದಿಂದ, “ಚೆನ್ನಾಗೈತ್ರಮ್ಮ, ಕೋಳಿ ಬೆಚ್ಚಗೆ ಕಾವಿಗೆ ಕೂತೈತಿ” ಎಂದಳು. ಒಲೆಯ ಬಾಯಿ ಅವಳ ಪಾತ್ರೆಗಿಂತ ದೊಡ್ಡದಾಗಿತ್ತು. ಅವಳ ಪಾತ್ರೆ ಎಷ್ಟಿದೆ ಎಂದು ನಾನು ಕೇಳಿರಲೇ ಇಲ್ಲ, ನಕ್ಷೆ ನೋಡಿ ಕಟ್ಟಿದ್ದೆ. ಮೊದಲು ಕೇಳಬೇಕು, ಆಮೇಲೆ ಕಟ್ಟಬೇಕು ಎಂಬ ಬುದ್ಧಿಯನ್ನು ನನಗೆ ಕಲಿಸಿದ್ದು ಆ ಕೋಳಿ.

ಇನ್ನು ಪುಸ್ತಕದ ವಿಷಯ. ತರಬೇತಿ ಮುಗಿಯುವಾಗ, ನಮಗೆ ಗೃಹವಿಜ್ಞಾನ ಹೇಳಿಕೊಡಲು ಬಂದಿದ್ದ ವಿದೇಶಿ ಹೆಂಗಸು ತನ್ನ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳನ್ನು ನಮಗೆ ಹಂಚಿ ಹೋದಳು. ಗೆಳತಿಯರಿಗೆ ಹೆಣಿಗೆಯ ಪುಸ್ತಕ, ಕೇಕಿನ ಪುಸ್ತಕ. ಸಾಲಿನ ಕೊನೆಯಲ್ಲಿದ್ದ ನನಗೆ ಉಳಿದದ್ದು ಒಂದು ಪದ್ಯದ ಪುಸ್ತಕ. ಸ್ಪೇನಿನಲ್ಲೂ ದಕ್ಷಿಣ ಅಮೆರಿಕದ ದೇಶಗಳಲ್ಲೂ ಇತ್ತೀಚೆಗೆ ಬರೆದವರ ಪದ್ಯಗಳು. ಎಡಪುಟದಲ್ಲಿ ಸ್ಪ್ಯಾನಿಶ್, ಬಲಪುಟದಲ್ಲಿ ಅದರ ಇಂಗ್ಲಿಷ್ ಅನುವಾದ. ಕೇಕಿನ ಪುಸ್ತಕ ಸಿಗಲಿಲ್ಲವಲ್ಲ ಎಂದು ನನಗೆ ಎರಡು ದಿನ ಬೇಜಾರಿತ್ತು.

ಶಿಕಾರಿಪುರದಿಂದ ಆನವಟ್ಟಿಗೆ, ಆನವಟ್ಟಿಯಿಂದ ಸೊರಬಕ್ಕೆ ಹೋಗುವ ಬಸ್ಸುಗಳಲ್ಲಿ ಕೂತು ಓದತೊಡಗಿದೆ. ಇಂಟರ್‌ಮೀಡಿಯೆಟ್‌ನಲ್ಲಿ ನಾನು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿ ಪಾಸಾದವಳು. ಅವುಗಳಲ್ಲಿ ಬರುವ ಹೂವನ್ನು ಕಂಡಿರಲಿಲ್ಲ, ಹಕ್ಕಿಯನ್ನು ಕೇಳಿರಲಿಲ್ಲ, ಪರೀಕ್ಷೆಗೆ ಬೇಕೆಂದು ಮೆಚ್ಚಿಕೊಂಡಿದ್ದೆ. ಈ ಪುಸ್ತಕದಲ್ಲಿ ಕತ್ತೆ ಇತ್ತು, ಧೂಳಿತ್ತು, ಬಾವಿ ಇತ್ತು, ಬಟ್ಟೆ ಒಗೆಯುವ ತಾಯಂದಿರಿದ್ದರು. ಇಂಗ್ಲಿಷ್ ಪದಗಳ ಅಡಿಯಲ್ಲಿ ಯಾವುದೋ ನಮ್ಮ ಕಡೆಯ ಊರೇ ಇದ್ದ ಹಾಗಿತ್ತು. ಒಂದು ಸಲ ಓದುತ್ತ ಓದುತ್ತ ಇಳಿಯಬೇಕಾದ ಊರನ್ನು ದಾಟಿ ಹೋಗಿ ಕಂಡಕ್ಟರನಿಂದ ಬೈಸಿಕೊಂಡೆ.

ಅನುವಾದ ಓದುವವರಿಗೆ ಒಂದು ಮಾತು ಹೇಳುತ್ತೇನೆ. ಪ್ರಾಸಕ್ಕಾಗಿ ಹೆಣಗಿದ ಅನುವಾದವನ್ನು ನಂಬಬೇಡಿ, ಸೀದಾ ಹೇಳಿದ್ದನ್ನು ನಂಬಿ. ನನಗೆ ಸ್ಪ್ಯಾನಿಶ್ ಬಾರದಿದ್ದರೂ ಎಡಪುಟದ ಮೇಲೆ ಒಂದು ಕಣ್ಣಿಟ್ಟಿದ್ದೆ. ಅಲ್ಲಿ ಒಂದೇ ಪದ ಮತ್ತೆ ಮತ್ತೆ ಕಾಣಿಸಿಕೊಂಡು, ಬಲಗಡೆ ಮಾತ್ರ ಸಾಲಿಗೊಂದು ಬೇರೆ ಇಂಗ್ಲಿಷ್ ಪದ ಇದ್ದರೆ ಅನುವಾದಕ ಒಗ್ಗರಣೆ ಹಾಕಿದ್ದಾನೆ ಎಂದು ತಿಳಿಯುತ್ತಿತ್ತು. ಅಂಥ ಕಡೆ ನಾನು ಮನಸ್ಸಿನಲ್ಲೇ ಎಲ್ಲ ಸಾಲಿಗೂ ಒಂದೇ ಕನ್ನಡ ಪದ ಹಾಕಿಕೊಳ್ಳುತ್ತಿದ್ದೆ. ಆಗ ಪದ್ಯ ಸರಿಯಾಗಿ ನಿಲ್ಲುತ್ತಿತ್ತು.

ಈ ಪುಸ್ತಕ ನನ್ನ ಕೆಲಸಕ್ಕೆ ಬಂದದ್ದು ಆಕಸ್ಮಿಕ. ಬಳ್ಳಿಗಾವಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಸಮಾಜ ವಾರಕ್ಕೊಮ್ಮೆ ಗುಡಿಯ ಪಡಸಾಲೆಯಲ್ಲಿ ಸೇರುತ್ತಿತ್ತು. ಕಳೆ ಕಿತ್ತು ಬಂದ ಹೆಂಗಸರಿಗೆ ಸರ್ಕಾರದ ಪಾಠಪುಸ್ತಕ ಹಿಡಿದು ಅಗಸ, ಆನೆ ಎಂದು ಹೇಳಿಕೊಟ್ಟರೆ ಅರ್ಧ ಜನ ಅಲ್ಲೇ ತೂಕಡಿಸುತ್ತಿದ್ದರು. ಒಂದು ದಿನ ಪಾಠಪುಸ್ತಕ ಮರೆತು ಹೋಗಿದ್ದೆ. ಚೀಲದಲ್ಲಿದ್ದದ್ದು ಇದೊಂದೇ. ಒಂದು ಪದ್ಯದ ಅರ್ಥ ಹೇಳತೊಡಗಿದೆ. ಹೆಂಗಸರು ತಡೆದರು. ಪುರಾಣ ಓದಿಸುವ ಮನೆಗಳಲ್ಲಿ ಒಬ್ಬರು ಪದ್ಯ ಓದಿದ ಮೇಲೆ ಇನ್ನೊಬ್ಬರು ಅರ್ಥ ಹೇಳುವುದು ವಾಡಿಕೆ. ಬರೀ ಅರ್ಥ ಕೇಳಿ ಅವರಿಗೆ ಗೊತ್ತಿಲ್ಲ. ಪದ್ಯ ಓದಿ ಎಂದರು. ಸರಿ, ಇಂಗ್ಲಿಷಿನಲ್ಲಿ ಓದಿದೆ, ಎಲ್ಲರೂ ಭಕ್ತಿಯಿಂದ ಕೇಳಿದರು. ಅರ್ಥ ಹೇಳಿದೆ. ಅವರ ಭಕ್ತಿ ನೋಡಿ ಮುಜುಗರವಾಗಿ, ಈ ಇಂಗ್ಲಿಷೂ ಅರ್ಥವೇ, ನಿಜವಾದ ಪದ್ಯ ಈ ಎಡಗಡೆ ಇರುವುದು ಎಂದು ತೋರಿಸಿದೆ. ಹಾಗಾದರೆ ಅದನ್ನೇ ಓದಿ ಎಂದರು. ಅಕ್ಷರ ಗೊತ್ತು, ಓದಲು ಬರುವುದಿಲ್ಲ ಎಂದೆ.

ಹಿಂದಿನ ಸಾಲಿನಿಂದ ಒಬ್ಬಳು, “ಹಂಗಾರ ಆ ಮಗ್ಗಲ ಪುಟಕ್ಕ ನೀವೂ ನಮ್ಮ ಸಾಲಾಗ ಕುಂದ್ರಬೇಕ್ರೀ ಅಕ್ಕೋರೆ” ಎಂದಳು. ಪಡಸಾಲೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ದಿನದಿಂದ ಯಾರೂ ತೂಕಡಿಸಲಿಲ್ಲ. ನನ್ನ ಪದ್ಧತಿ ಬದಲಾಯಿತು. ಮೊದಲು ಒಂದು ಪದ್ಯ, ಅದರಲ್ಲಿ ಬಂದ ಉಪ್ಪು, ಬಾವಿ, ಗಾಳಿ ಹಲಗೆಯ ಮೇಲೆ ಅಕ್ಷರವಾಗಿ, ಕೊನೆಗೆ ಹೊಲಿಗೆ. ಸರ್ಕಾರದ ಆನೆ ಹಿಂದೆ ಸರಿಯಿತು.

ಹಾಗೆ ತಮಾಷೆ ಮಾಡಿದವಳು ಗೌರಕ್ಕ. ನನ್ನದೇ ವಯಸ್ಸು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡ ಸತ್ತು, ಅಣ್ಣ ಬಸಪ್ಪನ ಮನೆಗೆ ವಾಪಸು ಬಂದಿದ್ದಳು. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಆದರೆ ಉಣ್ಣುವ ತುತ್ತು ಇನ್ನೊಬ್ಬರ ಮನೆಯದು ಎಂಬುದು ಅವಳಿಗೆ ಒಂದು ಹೊತ್ತೂ ಮರೆಯುತ್ತಿರಲಿಲ್ಲ. ಊರಿಗೆಲ್ಲ ಅವಳು ಬಸಪ್ಪನ ತಂಗಿ. ಮೊದಲ ದಿನ ನಾನು ಹೆಸರು ಕೇಳಿದಾಗ ಒಂದು ಕ್ಷಣ ತಡವರಿಸಿದ್ದಳು. ಹಲಗೆಯ ಮೇಲೆ ತನ್ನ ಹೆಸರನ್ನು ತಾನೇ ಬರೆದ ದಿನ ಅದನ್ನೇ ನೋಡುತ್ತ ಕೂತು, ನಾನು ಅಂದರೆ ಇಷ್ಟೇ ಏನ್ರೀ ಎಂದು ಕೇಳಿದ್ದು ನೆನಪಿದೆ. ಅವಳ ಕೈಯಲ್ಲಿ ಕತ್ತರಿ ಚೆನ್ನಾಗಿ ಓಡುತ್ತಿತ್ತು. ಒಂದು ಹೊಲಿಗೆ ಮಷಿನ್ ಇದ್ದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಕುಪ್ಪಸ ಹೊಲಿದು ತನ್ನ ಅನ್ನವನ್ನು ತಾನು ಉಣ್ಣಬಲ್ಲಳು. ಅವಳು ಬಯಸಿದ್ದು ಅದೊಂದನ್ನೇ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಪುಸ್ತಕದಲ್ಲಿದ್ದ ಕೆಲವು ಪದ್ಯ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಒಬ್ಬ ಕವಿಯ ಪದ್ಯದಲ್ಲಿ ಚಪ್ಪಲಿಯೊಳಗಿಂದ ರೈಲು ಹೊರಡುತ್ತಿತ್ತು, ನಿಂಬೆಹಣ್ಣಿನೊಳಗೆ ಒಂದು ಊರು ನಿದ್ದೆ ಮಾಡುತ್ತಿತ್ತು. ನಾನು ಹೆದರಿ ಹೆದರಿ ಹೇಳಿದರೆ, ಸಮಾಜದ ಹಿರಿಯಾಕೆಯೊಬ್ಬಳು ಏನೂ ಆಶ್ಚರ್ಯಪಡದೆ, ಇದು ಬೆಡಗು, ನಮ್ಮ ತತ್ವಪದದಾಗ ಇಂಥಾವು ಬೇಕಾದಷ್ಟು ಅದಾವು ಎಂದಳು. ನಿಂಬೆಹಣ್ಣು ದೇಹ, ಒಳಗಿನ ಊರು ಇಂದ್ರಿಯಗಳು ಎಂದು ಬಿಡಿಸಿಯೂ ಹೇಳಿದಳು. ಆ ಕವಿಗೆ ಅದು ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ ನಾನರಿಯೆ.

ಗೌರಕ್ಕನಿಗೆ ಹಿಡಿಸಿದ್ದು ಒಬ್ಬ ಹೆಂಗಸು ಬರೆದ ಪುಟ್ಟ ಪದ್ಯ. ಎಡಪುಟದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದಿತ್ತು. ಅನುವಾದಕ ಅದನ್ನು ನಾನಾ ರೀತಿಯಲ್ಲಿ ಹೇಳಿದ್ದ. ನಾನು ಎಲ್ಲ ಕಡೆಯೂ ‘ಯಾರೂ ಇಲ್ಲ’ ಎಂದೇ ಹೇಳಿದೆ:

ಬಾಗಿಲು ತೆರೆದೆ, ಯಾರೂ ಇಲ್ಲ.
ಗಾಳಿ ಬಂತು, ಅದಕ್ಕೇ ಮಣೆ ಹಾಕಿದೆ.
ಉಪ್ಪು ಬಡಿಸಿದೆ, ಉಣ್ಣಲು ಯಾರೂ ಇಲ್ಲ.
ನಿನ್ನ ಹೆಸರೇನೆಂದು ಗಾಳಿ ಕೇಳಿತು,
ಹೇಳಹೋದೆ, ನೆನಪಿಗೆ ಬರಲಿಲ್ಲ.
ಕರೆಯುವವರಿಲ್ಲದ ಹೆಸರು ಹಾಳುಬಾವಿ,
ನೀರಿದೆ, ಸೇದಲು ಯಾರೂ ಇಲ್ಲ.

ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಆಮೇಲೆ, ಇದಕ್ಕೆ ಅಂಕಿತ ಯಾವುದು ಎಂದು ಕೇಳಿದಳು. ಶರಣರ ವಚನಗಳನ್ನು ಕೇಳಿಯೇ ಬೆಳೆದ ಹೆಂಗಸರು ಅವರು. ಯಾವ ವಚನವಾದರೂ ಕೊನೆಗೆ ಒಂದು ದೇವರ ಹೆಸರು ಹಿಡಿದು ಕರೆಯುತ್ತದೆ, ಅದರಿಂದಲೇ ಬರೆದವರು ಯಾರೆಂದೂ ತಿಳಿಯುತ್ತದೆ. ಈಗಿನ ಕವಿಗಳು ಹಾಗೆಲ್ಲ ಅಂಕಿತ ಹಾಕುವುದಿಲ್ಲ ಎಂದೆ. ಹಾಗಾದರೆ ಇವಳು ಯಾರಿಗೆ ಹೇಳುತ್ತಿದ್ದಾಳೆ ಎಂದಳು. ಯಾರಿಗೂ ಇಲ್ಲ ಎಂದೆ. ನನ್ನ ಉತ್ತರದಿಂದ ಅವಳಿಗೆ ಸಮಾಧಾನವಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಆ ವರ್ಷ ನಮ್ಮ ಬ್ಲಾಕ್ ಸಾಹೇಬರು ಶಿಕಾರಿಪುರದಲ್ಲಿ ಮಹಿಳಾ ಸಮ್ಮೇಳನ ಇಟ್ಟರು. ಸಾಹೇಬರು ಕೆಲಸಗಾರರೇ. ಆದರೆ ಬಹುಮಾನ ಇಡದೆ ಜನ ಸೇರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಸುತ್ತಿನ ಸಮಾಜಗಳನ್ನೆಲ್ಲ, ಪಕ್ಕದ ತಾಲ್ಲೂಕಿನ ಆನವಟ್ಟಿಯವರನ್ನೂ ಕರೆದರು. ವಚನ ಹಾಡುವ ಸ್ಪರ್ಧೆ, ಗೆದ್ದ ಸಮಾಜಕ್ಕೆ ಒಂದು ಹೊಲಿಗೆ ಮಷಿನ್. ತೀರ್ಪು ಹೇಳಲು ನಿವೃತ್ತ ಕನ್ನಡ ಪಂಡಿತರೊಬ್ಬರು ಒಪ್ಪಿದ್ದರು. ಸುದ್ದಿ ಹೇಳಿದ ದಿನ ಗೌರಕ್ಕ ಎದ್ದು ನಿಂತುಬಿಟ್ಟಳು. ಯಾವ ವಚನ ಹಾಡುತ್ತೀರಿ ಎಂದು ನಾನು ಕೇಳಿದೆ. “ಹಾಡು ನಾವು ನೋಡ್ಕಂತೀವ್ರೀ, ನೀವು ಮಷಿನ್ ಇಡಾಕ ಜಾಗ ನೋಡ್ರಿ” ಎಂದಳು. ನಾನು ಜಾಗ ನೋಡಿದೆ. ಪಡಸಾಲೆಯ ಮೂಲೆ, ಬೆಳಕು ಬೀಳುವ ಕಡೆ.

ಸಮ್ಮೇಳನ ಶಾಲೆಯ ಹಾಲಿನಲ್ಲಿ. ವೇದಿಕೆಯ ಮೇಲೆ ಮಷಿನ್ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿದ್ದರು. ಅದರ ಈಚೆ ಪಂಡಿತರು, ಸಾಹೇಬರು, ಸಾಲಿನ ತುದಿಗೆ ನಾನು. ಆನವಟ್ಟಿಯ ಹೆಂಗಸರು ಬಲು ಚೆನ್ನಾಗಿ ಹಾಡಿದರು. ಅವರ ನಂತರ ನಮ್ಮವರು. ಗೌರಕ್ಕ ಕಣ್ಣುಮುಚ್ಚಿ ತತ್ವಪದದ ಧಾಟಿಯಲ್ಲಿ ಎತ್ತಿಕೊಂಡಳು. ಬಾಗಿಲು ತೆರೆದೆ, ಯಾರೂ ಇಲ್ಲ. ಕುಡಿಯುತ್ತಿದ್ದ ನೀರು ನನ್ನ ನೆತ್ತಿಗೆ ಹತ್ತಿತು. ಪ್ರತಿ ‘ಯಾರೂ ಇಲ್ಲ’ಕ್ಕೂ ಉಳಿದವರು ದನಿಗೂಡಿಸಿದರು. ಕೊನೆಯ ಸಾಲಾದ ಮೇಲೆ, ನಾನು ಎಂದೂ ಹೇಳದ ಒಂದು ಹೆಸರು ಬಂತು. ಅವರ ಊರ ಗುಡಿಯ ದೇವರು: ಕೆರೆಯ ಕಲ್ಲೇಶಾ.

ಪಂಡಿತರು ಎದ್ದು ಮೈಕಿನ ಮುಂದೆ ನಿಂತರು. ಇಷ್ಟು ವರ್ಷ ವಚನ ಓದಿದ್ದೇನೆ, ಕೆರೆಯ ಕಲ್ಲೇಶ ಎಂಬ ಅಂಕಿತ ಯಾವ ಸಂಗ್ರಹದಲ್ಲೂ ಕಂಡಿಲ್ಲ ಎಂದರು. ಈ ನೆಲದಲ್ಲೇ ಹುಟ್ಟಿ, ಹೆಂಗಸರ ಬಾಯಲ್ಲಿ ಮಾತ್ರ ಉಳಿದ ಒಬ್ಬ ಶರಣೆ ಇವತ್ತು ನಮಗೆ ಸಿಕ್ಕಿದ್ದಾಳೆ, ಇದನ್ನು ಬರೆದುಕೊಂಡು ಅಚ್ಚು ಹಾಕಿಸುತ್ತೇನೆ ಎಂದರು. ಚಪ್ಪಾಳೆ ಬಿತ್ತು. ಸಾಹೇಬರು ನನ್ನ ಕಡೆ ತಿರುಗಿ ಹಲ್ಲು ಬಿಟ್ಟರು. ಗೌರಕ್ಕ ಮಷಿನ್ ನೋಡುತ್ತಿದ್ದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಷಿನ್ ನಮ್ಮದು. ಅದು ಅವಳಿಗೆ ಏನು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅಚ್ಚು ಎಂಬ ಮಾತು ನನ್ನನ್ನು ಚುಚ್ಚಿತು. ತನ್ನ ಹೆಸರು ಹಿಡಿದು ಕರೆಯುವವರಿಲ್ಲ ಎಂದು ಎಲ್ಲಿಯೋ ಕೂತು ಒಬ್ಬ ಹೆಂಗಸು ಬರೆದಿದ್ದಾಳೆ. ಅವಳ ಪದ್ಯವನ್ನೇ ತೆಗೆದುಕೊಂಡು ಅವಳ ಹೆಸರನ್ನು ಅಳಿಸಿ, ಇಲ್ಲದ ಶರಣೆಯನ್ನು ಕೂರಿಸುವುದೆ? ಎದ್ದು ಮೈಕಿನ ಹತ್ತಿರ ಹೋದೆ. ಇದನ್ನು ಬರೆದವಳು ದೂರದೇಶದವಳು, ಬರೆದದ್ದು ಸ್ಪ್ಯಾನಿಶ್ ಭಾಷೆಯಲ್ಲಿ, ಯಾರೋ ಇಂಗ್ಲಿಷ್ ಮಾಡಿದ್ದಾರೆ, ಕನ್ನಡದಲ್ಲಿ ಹೇಳಿದವಳು ನಾನು ಎಂದೆ. ಚೀಲದಿಂದ ಪುಸ್ತಕ ತೆಗೆದು ಪಂಡಿತರ ಕೈಗೆ ಕೊಟ್ಟೆ.

ಅವರು ಎಡಪುಟ ನೋಡಿದರು, ಬಲಪುಟ ನೋಡಿದರು. ಬೇಕೆಂದೇ ತಮ್ಮನ್ನು ಕುಣಿಸಿದ್ದೇವೆ ಎಂದುಕೊಂಡರೋ ಏನೋ, ಮುಖ ಕೆಂಪಾಯಿತು. ಗೌರಕ್ಕನನ್ನು ಮುಂದೆ ಕರೆದರು.

“ಈ ಅಂಕಿತ ಹಾಕಿದವರು ಯಾರಮ್ಮ?”

“ನಾನ್ರೀ ಗುರುಗಳ.”

“ದೇವರ ಹೆಸರಿನಲ್ಲಿ ಸುಳ್ಳು ಹೇಳಬಹುದೆ?”

ಗೌರಕ್ಕ ತಲೆ ತಗ್ಗಿಸಲಿಲ್ಲ. “ಸುಳ್ಳಲ್ರೀ. ಆಕಿಗೆ ಹೇಳ್ಕಳಾಕ ಯಾರೂ ಇದ್ದಿಲ್ಲ. ಅಕ್ಕೋರ್ನ ಕೇಳಿದೆ, ಅವರೂ ಯಾರೂ ಇಲ್ಲ ಅಂದ್ರು. ಅದಕ್ಕ ನಮ್ಮ ಕಲ್ಲೇಶನ್ನ ಆಕಿಗೆ ಎರವಲು ಕೊಟ್ಟೆ.”

ಪಂಡಿತರು ಪುಸ್ತಕ ಮುಚ್ಚಿ ನನ್ನ ಕೈಗೆ ವಾಪಸು ಕೊಟ್ಟರು. ಮತ್ತೆ ಮೈಕಿಗೆ ಬಂದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇವತ್ತು ನಾನು ಕೇಳಿದ ಹಾಡುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎಂದರು. ಆದರೆ ಸ್ಪರ್ಧೆ ಇಟ್ಟಿದ್ದು ಶರಣರ ವಚನಕ್ಕೆ, ಆದ್ದರಿಂದ ಬಹುಮಾನ ಆನವಟ್ಟಿಗೆ ಎಂದರು. ತೀರ್ಪು ಸರಿಯಾಗಿಯೇ ಇತ್ತು. ಹಾಗೆಂದು ಸಂಕಟ ಕಡಿಮೆಯಾಗಲಿಲ್ಲ. ಹಾರದ ಸಮೇತ ಮಷಿನ್ ಆನವಟ್ಟಿಯ ಬಸ್ಸಿನ ಮೇಲೆ ಏರಿತು. ನಮ್ಮ ಹೆಂಗಸರು ಪಕ್ಕದಲ್ಲೇ ನಿಂತು ನೋಡಿದರು.

ಮಾರನೆಯ ದಿನ ಸಾಹೇಬರು ನನ್ನನ್ನು ಕರೆಸಿ, ಸುಮ್ಮನೆ ಇದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಗದರಿದರು. ನನ್ನದು ಏನೂ ಹೋಗುತ್ತಿರಲಿಲ್ಲ, ಹೋದದ್ದು ಗೌರಕ್ಕನದು, ಅದನ್ನು ನೀವೇ ತುಂಬಿಕೊಡಬೇಕು ಎಂದೆ. ಅಲ್ಲಿಂದಾಚೆ ಒಂದು ಮೀಟಿಂಗನ್ನೂ ಬಿಡದೆ ಮಷಿನ್ ಕೇಳಿದೆ. ಒಲೆಯ ಲೆಕ್ಕ ಕೇಳಿದರೂ ಮಷಿನ್ ಎಂದೆ, ಕೋಳಿ ಸಾಕಣೆಯ ಮಾತು ಬಂದರೂ ಮಷಿನ್ ಎಂದೆ. ಕೊನೆಗೆ ಅವರಿಗೇ ಸಾಕಾಗಿ, ಮರುವರ್ಷ ಬಂದ ಮಷಿನ್‌ಗಳಲ್ಲಿ ಮೊದಲನೆಯದನ್ನು ನಮ್ಮ ಹಳ್ಳಿಗೆ ಬರೆದರು. ನಾನು ನೋಡಿಟ್ಟಿದ್ದ ಮೂಲೆಯಲ್ಲೇ ಅದು ಕೂತಿತು. ಗೌರಕ್ಕ ಅದರಿಂದಲೇ ತನ್ನ ಅನ್ನ ದುಡಿದುಕೊಂಡಳು. ಮೇಲಿನವರ ಹತ್ತಿರ ತನಗಾಗಿ ಕೇಳುವಾಗ ನಾಚಿಕೆಯಾಗುತ್ತದೆ, ಇನ್ನೊಬ್ಬರಿಗಾಗಿ ಕೇಳುವಾಗ ಆಗುವುದಿಲ್ಲ. ಈ ಕೆಲಸದಲ್ಲಿರುವ ದೊಡ್ಡ ಅನುಕೂಲ ಅದು. ಅವತ್ತು ಮೈಕಿಗೆ ಹೋದದ್ದು ಸರಿಯೇ ಎಂದು ಯಾರಾದರೂ ಕೇಳಿದರೆ, ಇವತ್ತಾದರೂ ಹೋಗುತ್ತೇನೆ ಎಂದೇ ಹೇಳುತ್ತೇನೆ.

ಆದರೆ ಮರುವರ್ಷದ ಮಾತು ಸಮ್ಮೇಳನದ ದಿನ ಯಾರಿಗೂ ಗೊತ್ತಿರಲಿಲ್ಲವಲ್ಲ. ಅವತ್ತು ಸಂಜೆ ನಮ್ಮ ಹೆಂಗಸರ ಜೊತೆ ನಾನೂ ಗಾಡಿಯಲ್ಲಿ ಹಳ್ಳಿಗೆ ಹೊರಟೆ. ಬೈದರೆ ಬೈಯಲಿ, ಎದುರಿಗೇ ಬೈಯಲಿ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಗೌರಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಅರ್ಧ ದಾರಿಗೆ ಬಂದ ಮೇಲೆ, ಮಷಿನ್ ಹೋತು ಎಂದಳು. ಹೌದು ಎಂದೆ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, “ಆಕಿ ಹೆಸರೇನ್ರೀ?” ಎಂದು ಕೇಳಿದಳು.

ಪುಸ್ತಕ ತೆರೆದೆ. ಎಡಪುಟದಲ್ಲಿ ನನಗೆ ಓದಲು ಬರುತ್ತಿದ್ದುದು ಅದೊಂದೇ, ಪದ್ಯದ ಅಡಿಯಲ್ಲಿ ಅಚ್ಚಾಗಿದ್ದ ಆ ಹೆಸರು. ಎಲ್ವೀರ ಎಂದೆ. ಅವರ ದೇಶದಲ್ಲಿ ಅದನ್ನು ಹೇಗೆ ಕೂಗುತ್ತಾರೋ ನನಗೆ ಇವತ್ತಿಗೂ ತಿಳಿಯದು. ಗೌರಕ್ಕ ತನ್ನಷ್ಟಕ್ಕೆ ತಾನು ಒಂದೆರಡು ಸಲ ಹೇಳಿಕೊಂಡಳು.

ಮುಂದಿನ ವಾರ ಸಮಾಜ ಸೇರಿದಾಗ ಹಲಗೆ ಮುಂದೆ ಹಿಡಿದು, ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಎಂದಳು. ಬರೆದುಕೊಟ್ಟೆ. ಅದರ ಕೆಳಗೆ ತಾನೂ ನಿಧಾನವಾಗಿ ಬರೆದಳು. ಬರೀ ಎಲ್ವೀರ ಎಂದರೆ ಮೊಟಕಾಗುತ್ತದೆ ಎಂದು ಕೊನೆಗೆ ಒಂದು ವ್ವ ಸೇರಿಸಿದಳು. ಪಕ್ಕದಲ್ಲಿ ಗೌರಕ್ಕ ಎಂದು ತನ್ನ ಹೆಸರನ್ನೂ ಬರೆದು, ಎಲ್ಲರಿಗೂ ಕಾಣುವಂತೆ ಹಲಗೆಯನ್ನು ಕಂಬಕ್ಕೆ ಒರಗಿಸಿದಳು. ಆಮೇಲೆ ಹಾಡು ಎತ್ತಿಕೊಂಡಳು. ಬಾಗಿಲು ತೆರೆದೆ, ಯಾರೂ ಇಲ್ಲ. ಹೊಲದಿಂದ ಬಂದು ಕೂತಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ನೀರಿದೆ, ಸೇದಲು ಯಾರೂ ಇಲ್ಲ ಎಂಬ ಸಾಲು ಮುಗಿಯಿತು. ನಾನು ಕಲ್ಲೇಶನಿಗಾಗಿ ಕಾದೆ. ಕಲ್ಲೇಶ ಬರಲಿಲ್ಲ. ಎಲ್ಲರೂ ಒಟ್ಟಾಗಿ, ಹಿತ್ತಲಿನಾಚೆಯ ನೆರೆಯವಳನ್ನು ಕೂಗುವ ದನಿಯಲ್ಲಿ, ಎಲ್ವೀರವ್ವಾ ಎಂದು ಕರೆದರು.

ಕಲ್ಲೇಶನನ್ನು ಏಕೆ ಬಿಟ್ಟೆ ಎಂದು ಗೌರಕ್ಕನನ್ನು ಕೇಳಿದೆ.

“ಇನ್ನ ಆತ ಯಾಕ್ರೀ ಅಕ್ಕೋರೆ?” ಎಂದಳು. “ಕರಿಯಾಕ ನಾವದೀವಲ್ಲ.”